ಕ್ವಾರಿ ಭರ್ತಿಗೆ ಮತ್ತೆ ವಾಯಿದೆ ಕೇಳಿದಾಗ

ಕಲ್ಲು ತೆಗೆದು ಮುಗಿದ ಮೇಲೆ ಇಷ್ಟು ವರ್ಷದೊಳಗೆ ಗುಂಡಿ ಮುಚ್ಚಬೇಕು ಎಂದು ಷರತ್ತು ಹಾಕಿರುತ್ತಾರೆ. ಗಡುವು ಬಂದರೂ ಗುಂಡಿ ಅರ್ಧ ತುಂಬಿರುವುದಿಲ್ಲ. ಇನ್ನೆರಡು ವರ್ಷ ಕೊಡಿ ಎಂದು ಗುತ್ತಿಗೆದಾರನ ಅರ್ಜಿ ಬರುತ್ತದೆ. ತೆಗೆಯುವಾಗ ಇದ್ದ ಅವಸರ ಮುಚ್ಚುವಾಗ ಎಲ್ಲಿ ಹೋಯಿತು ಎಂದು ಊರಿನವರು ಸಿಟ್ಟಾಗುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಬೀದರದ ಚಿದ್ರಿ, ನೌಬಾದ್ ಸುತ್ತಲಿನಂಥ ನೆಲದಲ್ಲಿ ಎಷ್ಟು ದಿನ ಬೇಕು ಎಂದು ಕೇಳುವ ಮೊದಲು ಏನನ್ನು ತುಂಬುತ್ತೀರಿ ಎಂದು ಕೇಳಬೇಕು.

ಮೊದಲು ಲೆಕ್ಕ ನೋಡೋಣ. ಒಂದು ಎಕರೆ ಅಗಲ, 30 ಅಡಿ ಆಳದ ಗುಂಡಿ ಎಂದರೆ ಸುಮಾರು 13 ಲಕ್ಷ ಘನ ಅಡಿ, ಅಂದರೆ 37 ಸಾವಿರ ಘನ ಮೀಟರ್. ಒಂದು ಟಿಪ್ಪರಿನಲ್ಲಿ 10 ಘನ ಮೀಟರ್ ಮಣ್ಣು ಬರುತ್ತದೆ ಎಂದುಕೊಳ್ಳಿ. ಸಡಿಲ ಮಣ್ಣನ್ನು ಪದರ ಪದರವಾಗಿ ಹರಡಿ ರೋಲರ್ ಓಡಿಸಿದರೆ ಐದರಲ್ಲೊಂದು ಪಾಲು ಕುಗ್ಗಬಹುದು. ಹಾಗಾಗಿ 3,700 ಅಲ್ಲ, 4,600 ಟ್ರಿಪ್ಪಾದರೂ ಬೇಕು. ದಿನಕ್ಕೆ ಹತ್ತು ಟ್ರಿಪ್ಪಿನಂತೆ, ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ, ಹೆಚ್ಚುಕಡಿಮೆ ಎರಡು ವರ್ಷ ಹಿಡಿಯುತ್ತದೆ. ಇದು ಒಂದೇ ಎಕರೆಯ ಕಥೆ. ಹಾಗಾಗಿ ವಾಯಿದೆ ಕೇಳಿದವರೆಲ್ಲ ಕಳ್ಳಾಟ ಆಡುತ್ತಿದ್ದಾರೆ ಎನ್ನಲಾಗದು. ಮುಚ್ಚಲು ಮಣ್ಣೇ ಸಿಗದಿರುವುದೂ ಉಂಟು. ಒಂದು ಗುಂಡಿ ಮುಚ್ಚಲು ಇನ್ನೊಂದು ಗುಡ್ಡ ಅಗೆಯುವುದರಲ್ಲಿ ಅರ್ಥವಿಲ್ಲ.

ಇನ್ನು ನೆಲದ ವಿಚಾರ. ಬೀದರ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಮನೆ ಗೋಡೆಗೆ ಕಲ್ಲು, ರಸ್ತೆಗೆ ಮುರುಮ್ ಎರಡೂ ಅದರಿಂದಲೇ. 15ನೇ ಶತಮಾನದಲ್ಲಿ ಬಹಮನಿಗಳು ಕೋಟೆ ಕಟ್ಟಿದಾಗ ಇದೇ ಕಲ್ಲನ್ನು ಕಡಿದು ಮೂರು ಸಾಲಿನ ಕಂದಕ ತೋಡಿದರು. ಒಂದರ್ಥದಲ್ಲಿ ಅದೂ ಕ್ವಾರಿಯೇ, ಆದರೆ ಅದನ್ನು ಭರ್ತಿ ಮಾಡಿ ಎಂದು ಇವತ್ತಿಗೂ ಯಾರೂ ನೋಟಿಸ್ ಕೊಟ್ಟಿಲ್ಲ!

ಈ ಕಲ್ಲಿನ ಮೈತುಂಬ ರಂಧ್ರ. ಬಿದ್ದ ಮಳೆ ಅದರೊಳಗೆ ಇಳಿದು, ತಳದ ಜೇಡಿಪದರ ಮತ್ತು ಅದರ ಕೆಳಗಿನ ಕಪ್ಪು ಬಸಾಲ್ಟ್ ಬಂಡೆಯ ಹತ್ತಿರ ತಡೆದು, ಅಡ್ಡಕ್ಕೆ ಹರಿಯುತ್ತದೆ. ಆ ಹರಿವನ್ನು ಹಿಡಿಯಲೆಂದೇ ಇರಾನಿನ ಕೌಶಲದಿಂದ ನೌಬಾದಿನಲ್ಲಿ ಕರೇಜ್ ಎಂಬ ಸುರಂಗ ಕಾಲುವೆ ಕೊರೆದದ್ದು. ಬೀದರದ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗುತ್ತಾರಲ್ಲ, ಆ ನೀರೂ ಈ ಕೆಂಪುಕಲ್ಲಿನೊಳಗಿಂದ ಒಸರುವಂಥದ್ದು. ಇಂಥ ಕಲ್ಲಿನಲ್ಲಿ ಕ್ವಾರಿ ತೋಡಿದರೆ ಮೇಲಿನ ಸೋಸುವ ಪದರವೇ ಹೋಯಿತು. ಈಗ ಆ ಗುಂಡಿಗೆ ಹಾಕಿದ್ದೆಲ್ಲ ಬಾವಿಯ ನೀರಿಗೆ ಒಂದಿಷ್ಟು ಹತ್ತಿರ ಹೋಗಿ ಕೂರುತ್ತದೆ.

ಕಸ ಹಾಕಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮಣ್ಣಿನಲ್ಲೂ ಆಯ್ಕೆ ಇದೆ. ಭಾಲ್ಕಿ, ಔರಾದ್ ಕಡೆಯ ಎರೆಮಣ್ಣು ಬೆಳೆಗೆ ಬಂಗಾರ, ಭರ್ತಿಗೆ ಮಾತ್ರ ತಕ್ಕುದಲ್ಲ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಅದರಿಂದ ಮುಚ್ಚಿದ ಗುಂಡಿಯ ಮೇಲೆ ಮನೆ ಕಟ್ಟಿದವರ ಗೋಡೆ ಸೀಳುತ್ತದೆ, ಅಂತರ್ಜಲಕ್ಕೆ ಇಳಿಯುವ ಮಳೆಯೂ ಅಲ್ಲಿಗೆ ನಿಲ್ಲುತ್ತದೆ. ಕ್ವಾರಿಯದೇ ಹಳೆಯ ಮುರುಮ್ ರಾಶಿ, ಒಡೆದ ಕಲ್ಲು, ಮೇಲಿಷ್ಟು ಕೆಂಪುಮಣ್ಣು ಇವು ಒಳ್ಳೆಯ ಭರ್ತಿ. ಕೆಲವು ಗುಂಡಿಗಳನ್ನು ಪೂರ್ತಿ ಮುಚ್ಚದೆ, ಅಂಚಿನ ಇಳಿಜಾರು ತಗ್ಗಿಸಿ, ಸುತ್ತ ಬೇಲಿ ಹಾಕಿ, ಇಂಗುಗುಂಡಿಯಾಗಿ ಬಿಡುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಕಡಿದಾದ ಅಂಚು, ನಿಂತ ನೀರು, ಕಾವಲಿಲ್ಲದ ದಾರಿ ಮೂರೂ ಒಟ್ಟಿಗಿರುವುದು ಮಾತ್ರ ಒಂದು ದಿನವೂ ಸರಿಯಲ್ಲ.

ಕಸದ ಮಾತಿಗೆ ಇಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಬೀದರದ ವಾಯುಪಡೆ ನಿಲ್ದಾಣದಲ್ಲಿ ತರಬೇತಿ ವಿಮಾನಗಳು ಹಾರುತ್ತವೆ. 2020ರ ಫೆಬ್ರುವರಿಯಿಂದ ನಾಗರಿಕ ಟರ್ಮಿನಲ್ಲೂ ಇದೆ. ಕಸ ಬಿದ್ದಲ್ಲಿ ಹದ್ದು, ಕಾಗೆ ಸೇರುತ್ತವೆ, ವಿಮಾನಕ್ಕೆ ಹಕ್ಕಿ ಬಡಿಯುವ ಅಪಾಯ ಹೆಚ್ಚುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸದ ಭೂಭರ್ತಿ ವಾಯುನೆಲೆಯಿಂದ 20 ಕಿಲೋಮೀಟರ್ ದೂರವಿರಬೇಕು, ತೀರಾ ವಿಶೇಷ ಸಂದರ್ಭದಲ್ಲಿ ಒಪ್ಪಿಗೆ ಪಡೆದು 10ರಿಂದ 20 ಕಿಲೋಮೀಟರ್ ನಡುವೆ ಮಾಡಬಹುದು ಎಂದು ಹೇಳಿದ್ದವು. ಚಿದ್ರಿ ಈ ದೂರದ ಒಳಗೇ ಬೀಳುತ್ತದೆ.

ಅವಸರದ ಭರ್ತಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬೆಂಗಳೂರಿನ ಕಡೆ ನೋಡಬಹುದು. ಮಾವಳ್ಳಿಪುರದಲ್ಲಿ 2012ರಲ್ಲಿ ನಗರದ ಕಸ ಸುರಿಯುವುದು ನಿಂತಿತು. ಮಂಡೂರಿನವರು 2014ರಲ್ಲಿ ಪ್ರತಿಭಟನೆಗೆ ಇಳಿದಾಗ ಸರ್ಕಾರ ಕೆಲವು ತಿಂಗಳ ಕಾಲಾವಕಾಶ ಕೇಳಿತು, ವರ್ಷದ ಕೊನೆಗೆ ಅಲ್ಲಿಯೂ ನಿಲ್ಲಿಸಿತು. ಆಮೇಲೆ ಲಾರಿಗಳು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೆಯ ಕಲ್ಲುಕ್ವಾರಿಗಳ ದಾರಿ ಹಿಡಿದವು. ಅಲ್ಲಿ ಗುಂಡಿಗಳು ಬೇಗನೆ ತುಂಬಿದವು ಎಂದು ಯಾರೂ ಸಂತೋಷಪಡುವಂತಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಕಟ್ಟಡದ ಕಲ್ಲು, ಮುರುಮ್ ಉಪಖನಿಜಗಳು. 1957ರ ಗಣಿ ಮತ್ತು ಖನಿಜ ಕಾಯ್ದೆ ಅವುಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ನಮ್ಮಲ್ಲಿ ಅದು 1994ರ ಉಪಖನಿಜ ರಿಯಾಯಿತಿ ನಿಯಮಗಳಾಗಿ ಬಂತು. 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಬಳ್ಳಾರಿ ಭಾಗದ ಕಬ್ಬಿಣದ ಗಣಿಗಳ ವಿಚಾರದಲ್ಲಿ ಅದೇ ಕೋರ್ಟ್, ಹಾಳಾದ ನೆಲ ಸರಿಪಡಿಸುವ ಯೋಜನೆಗೂ ಗಣಿ ಮತ್ತೆ ತೆರೆಯುವುದಕ್ಕೂ ಗಂಟು ಹಾಕಿತು. ಆ ಗಂಟು ಕೆಲಸ ಮಾಡುತ್ತದೆ, ಯಾಕೆಂದರೆ ಆಗ ತಡವಾದಷ್ಟೂ ನಷ್ಟ ಗಣಿಯವರದು.

ಸಣ್ಣ ಕ್ವಾರಿಯಲ್ಲಿ ಅಂಥ ಗಂಟು ಸಿಗುವುದಿಲ್ಲ. ಕಲ್ಲು ಮುಗಿದಿದೆ, ಮಾರಲು ಏನೂ ಉಳಿದಿಲ್ಲ. ಭರ್ತಿ ಬರೀ ಖರ್ಚು. ಹಾಗಾಗಿ ವಾಯಿದೆ ಕೊಡುವ ಆದೇಶದಲ್ಲಿ ವರ್ಷದ ಜೊತೆ ಮಟ್ಟವನ್ನೂ ಬರೆಯಬೇಕು: ಬರುವ ಮಾರ್ಚ್ ಹೊತ್ತಿಗೆ ಗುಂಡಿಯ ತಳ ಇಷ್ಟು ಮೀಟರ್ ಮೇಲೆ ಬಂದಿರಬೇಕು, ಇಂಥದ್ದೇ ಮಣ್ಣು, ಅದರ ಮೂಲ ಇಂಥ ಕಡೆ. ಪ್ರತಿ ಮಟ್ಟ ಮುಟ್ಟಿದಾಗ ಗುತ್ತಿಗೆದಾರ ಇಟ್ಟ ಠೇವಣಿಯ ಒಂದು ಪಾಲು ಹಿಂದಿರುಗಲಿ. ಮುಟ್ಟದಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ ಆ ದುಡ್ಡಿನಲ್ಲೇ ಕೆಲಸ ಮುಂದುವರಿಸಲಿ. ಅಳತೆ ಮಳೆಗಾಲ ಕಳೆದ ಮೇಲೆ ನಡೆಯಬೇಕು, ಮಣ್ಣು ಕೂರುವುದು ಆಗಲೇ. ಹತ್ತಿರದ ಬಾವಿಗಳ ನೀರನ್ನು ಭರ್ತಿ ಶುರುವಾಗುವ ಮೊದಲೇ ಒಮ್ಮೆ ಪರೀಕ್ಷಿಸಿ ಇಟ್ಟುಕೊಂಡರೆ, ನಂತರ ನೀರು ಕೆಟ್ಟಾಗ ಅದು ಮೊದಲಿಂದಲೂ ಹಾಗೇ ಇತ್ತು ಎಂದು ಯಾರೂ ಜಾರಿಕೊಳ್ಳಲಾಗದು.