ಬ್ಲಫ್‌ನಿಂದ ಹೋದವರು

ಮೊನ್ನೆ ಮಳವಳ್ಳಿಯ ಮದುವೆಮನೆಯೊಂದರಲ್ಲಿ ಆ ಹಳೆಯ ಮಾತು ಮತ್ತೆ ಕಿವಿಗೆ ಬಿತ್ತು: "ಮನೆಮಂದಿಯೆಲ್ಲ ಅಮೆರಿಕ ಸೇರಿದರು, ಊರನ್ನೇ ಮರೆತರು." ನಾನೂ ಒಮ್ಮೆ ಹಾಗೆ ಅಂದವನೇ. ಅದು ಅನ್ಯಾಯದ ಮಾತೆಂದು ಈಗ ನನಗೆ ತೋರುತ್ತದೆ.

ಕಿರಿಯರಿಗಾಗಿ ಹೇಳುತ್ತೇನೆ. ಬ್ಲಫ್ ಎಂಬುದು ಶಿವನಸಮುದ್ರದ ವಿದ್ಯುದಾಗಾರದ ನೌಕರರಿಗಾಗಿ ಬೆಳೆದ ಊರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯದು. 1902ರಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ನಮ್ಮವರು ಅಮೆರಿಕಕ್ಕೆ ಹೋಗುವ ಎಷ್ಟೋ ಮೊದಲೇ ಅಮೆರಿಕ ನಮ್ಮ ತಾಲ್ಲೂಕಿಗೆ ಬಂದಿತ್ತು!

ನಾನು ಹೇಳುತ್ತಿರುವ ಮನೆಯ ಯಜಮಾನರು ಅಲ್ಲಿ ಪಾಳಿಯ ಮೇಲೆ ದುಡಿದವರು. ಹಿರಿಯ ಮಗ ನನ್ನ ವಿದ್ಯಾರ್ಥಿ. ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ ತೊಂಬತ್ತರ ದಶಕದಲ್ಲಿ ಅಮೆರಿಕ ಸೇರಿದ. ಮದುವೆಯಾಗಿ ತಂಗಿ ಹೋದಳು, ಓದಲು ತಮ್ಮ ಹೋದ. ಮಗ ಅಲ್ಲಿನ ಪೌರನಾದ ಮೇಲೆ ತಂದೆತಾಯಿಯರನ್ನೂ ಕರೆಸಿಕೊಂಡ.

ಯಜಮಾನರ ನಿವೃತ್ತಿಯ ದಿನ ನಾನು, "ಮಕ್ಕಳನ್ನೆಲ್ಲ ಅಮೆರಿಕಕ್ಕೆ ಧಾರೆ ಎರೆದುಬಿಟ್ಟಿರಲ್ಲ" ಎಂದೆ. ಹಾಸ್ಯವೆಂದುಕೊಂಡಿದ್ದೆ. ಅವರು ನಗಲಿಲ್ಲ. "ಮೇಷ್ಟ್ರೇ, ಇನ್ನು ಸ್ವಲ್ಪ ದಿನಕ್ಕೆ ಕ್ವಾರ್ಟರ್ಸ್ ಬೀಗದ ಕೈ ಕೊಡ್ಬೇಕು. ಬಿಟ್ಟು ಹೋಗೋಕೆ ನಂಗೆ ಊರು ಅಂತ ಯಾವುದೈತೆ?" ಎಂದರು.

ಮಂಡ್ಯ, ಮದ್ದೂರಿನ ನಾಲೆಯ ಬಯಲಿನ ಮಕ್ಕಳು ಎಲ್ಲಿಗೇ ಹೋಗಲಿ, ಇಲ್ಲಿ ಗದ್ದೆಯಿರುತ್ತದೆ, ವಾರಕ್ಕೆ ಮಾಡುವವನಿರುತ್ತಾನೆ. ಕಾಲೊನಿಯಲ್ಲಿ ಹುಟ್ಟಿದವನಿಗೆ ಏನಿದೆ? ತಂದೆಯ ನೌಕರಿ ಇರುವಷ್ಟು ದಿನ ಒಂದು ಮನೆ, ಅಷ್ಟೆ. ಅವರಿಗೆ 'ಬೇರು ಮರೆತವರು' ಎನ್ನಲು ನಮಗೆ ಬಾಯಿ ಹೇಗೆ ಬಂದೀತು? ಮೇಲಾಗಿ, ಚೆನ್ನಾಗಿ ಓದಿ ಇಲ್ಲಿಂದ ಆಚೆ ಹೋಗಿರೆಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನೇ. ಬ್ಲಫ್‌ನಲ್ಲೇ ಇರೆಂದು ಯಾವ ಹುಡುಗನಿಗೂ ಹೇಳಿದ ನೆನಪಿಲ್ಲ.

ಹಾಗೆಂದು ಎಲ್ಲವನ್ನೂ ಒಪ್ಪುವವನಲ್ಲ. ಆ ಮನೆಯ ಮೊಮ್ಮಕ್ಕಳಿಗೆ ಕನ್ನಡ ಬಾರದು. ಆ ವಿಷಯದಲ್ಲಿ ನನ್ನ ಶಿಷ್ಯನ ಮೇಲೆ ನನಗೆ ಸಿಟ್ಟಿದೆ; ಇದನ್ನು ಓದಿದರೆ ಅವನಿಗೂ ತಿಳಿಯಲಿ.

ಯಜಮಾನರು ಈಗಿಲ್ಲ. ಅವರ ಮನೆಯವರು ಆಗಾಗ ಫೋನು ಮಾಡುತ್ತಾರೆ. ಹಬ್ಬಗಳ ಮಾತು ಮುಗಿದ ಮೇಲೆ ಕೇಳುವುದು ಕ್ವಾರ್ಟರ್ಸ್ ಹಿಂದಿನ ಹಲಸಿನ ಮರವನ್ನು. ಕಳೆದ ತಿಂಗಳು ಹೋಗಿ ನೋಡಿ ಬಂದೆ. ಮರವಿದೆ, ಕಾಯಿಯೂ ಬಿಟ್ಟಿದೆ ಎಂದು ತಿಳಿಸಿದೆ.