ಲಿಂಗೈಕ್ಯಳಾದ ತಾಯಿಯ ನೆನಹು

ಮನೆಯ ಹಿರಿಯ ತಾಯಿ ಲಿಂಗೈಕ್ಯಳಾದಾಗ ಶರಣಧರ್ಮದ ಮಕ್ಕಳು ಆಕೆಯನ್ನು ನೆನೆಯುವ ಬಗೆ ಯಾವುದು? ಇಲ್ಲಿ ಪಿಂಡವಿಲ್ಲ, ಶ್ರಾದ್ಧವಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು 12ನೆಯ ಶತಮಾನದ ಶರಣರು ಅಲ್ಲಗಳೆದರು. ಅಗಲಿದ ಜೀವವು ಹಸಿದು ಅಲೆಯುತ್ತದೆ, ಅದನ್ನು ತಣಿಸಬೇಕು ಎಂಬ ಭಯಕ್ಕೆ ಅವರು ಎಡೆಗೊಡಲಿಲ್ಲ. ಆದುದರಿಂದ ನೆನಹು ಬೇಕಾಗಿರುವುದು ಲಿಂಗದಲ್ಲಿ ಬೆರೆತವಳಿಗಲ್ಲ, ಮನೆಯಲ್ಲಿ ಉಳಿದವರಿಗೆ.

ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಆಕೆಯನ್ನು ಸಮಾಧಿ ಮಾಡುತ್ತಾರೆ. ಬಳೆ ಮಗಳಿಗೆ, ಸೀರೆ ಸೊಸೆಗೆ; ಇಷ್ಟಲಿಂಗ ಮಾತ್ರ ಆಕೆಯೊಡನೆ. ಮೊಮ್ಮಗುವಿನ ಪುಟ್ಟ ಅಂಗೈಯಲ್ಲಿ ಮೊದಲ ಬಾರಿಗೆ ಲಿಂಗವನ್ನಿರಿಸಿ ಕೈ ಅಲುಗದಂತೆ ಹಿಡಿದವಳು ಎಷ್ಟೋ ಮನೆಗಳಲ್ಲಿ ಈ ಅಜ್ಜಿಯೇ. ಆ ಮಗು ಸಮಾಧಿಯ ಬಳಿ ಬಿಕ್ಕಿದರೆ "ಲಿಂಗೈಕ್ಯರಾದವರಿಗೆ ಅಳಬಾರದು" ಎಂದು ಗದರುವ ಹಿರಿಯರುಂಟು. ಇದು ತತ್ತ್ವದ ಅರಿವಲ್ಲ, ತತ್ತ್ವದ ದುರ್ಬಳಕೆ. ಸೂತಕವನ್ನು ಬಿಡಿಸಿದ ಶರಣರು ಮಕ್ಕಳ ಕಣ್ಣೀರಿಗೆ ನಿಷೇಧ ಹೇರಲಿಲ್ಲ.

ಇನ್ನು ಶಿವಗಣಾರಾಧನೆಯ ದಿನದ ನುಡಿನಮನ. ಮಾತಿಗೆ ನಿಂತವರು ಹಿರಿಯ ಮಗನ ಹುದ್ದೆಯನ್ನೂ ಅಳಿಯನ ಊರನ್ನೂ ವಿದೇಶದ ಮೊಮ್ಮಗನನ್ನೂ ಬಣ್ಣಿಸಿ, "ಇಂತಹ ಮಕ್ಕಳನ್ನು ಹೆತ್ತ ಪುಣ್ಯವಂತೆ" ಎಂದು ಮುಗಿಸುತ್ತಾರೆ. (ಅಷ್ಟರಲ್ಲಿ ಪ್ರಸಾದದ ಪಂಕ್ತಿ ಸಿದ್ಧವಾಗಿರುತ್ತದೆ.) ಎಪ್ಪತ್ತೋ ಎಂಬತ್ತೋ ವರ್ಷ ಬಾಳಿದವಳು ತನ್ನ ನುಡಿನಮನದಲ್ಲಿಯೇ ಇಲ್ಲ!

ಶರಣಪರಂಪರೆ ತನ್ನ ತಾಯಂದಿರನ್ನು ಹೀಗೆ ನೆನೆದಿಲ್ಲ. ಕದಿರೆ ರೆಮ್ಮವ್ವೆಯ ಹೆಸರಿನಲ್ಲಿ ನೂಲುವ ಕದಿರಿದೆ. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿ ಭತ್ತ ಕುಟ್ಟುವ ಕಾಯಕವಿದೆ. ಸೋಮಮ್ಮನದೆಂದು ದೊರೆತಿರುವುದು ಒಂದೇ ಒಂದು ವಚನ. ಕರ್ನಾಟಕ ಸರ್ಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ 5ನೆಯದು ಶಿವಶರಣೆಯರಿಗೇ ಮೀಸಲು. ಆ ಒಂದು ವಚನಕ್ಕೂ ಅಲ್ಲಿ ಸ್ಥಾನವುಂಟು. ಮಕ್ಕಳ ಪದವಿಯಿಂದ ಬಂದ ಸ್ಥಾನವಲ್ಲ ಅದು. ಆಯ್ದಕ್ಕಿ ಲಕ್ಕಮ್ಮನನ್ನಂತೂ ಲೋಕ ನೆನೆಯುವುದೇ ಗಂಡನನ್ನು ತಿದ್ದಿದವಳೆಂದು. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿದವಳು ಆಕೆ. ಅಜ್ಜಿ ಅಜ್ಜನನ್ನು ತಿದ್ದಿದ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಹೇಳಲು ಸಂಕೋಚವೇಕೆ? ಆಕೆ ಏನನ್ನು ದುಡಿದಳು, ಯಾರಿಗೆ ಉಣಬಡಿಸಿದಳು, ಯಾವುದನ್ನು ಒಲ್ಲೆನೆಂದಳು ಎಂಬುದನ್ನು ಮನೆಯವರು ಬರೆದಿಟ್ಟುಕೊಳ್ಳಲಿ. ದೊಡ್ಡ ಭಾವಚಿತ್ರಕ್ಕೂ ಹಂಚುವ ಸ್ಟೀಲ್ ಡಬ್ಬಿಗೂ ಆಗುವ ವೆಚ್ಚ ಅದಕ್ಕಿಲ್ಲ.

ಉತ್ತರ ಕರ್ನಾಟಕದ ಹಳ್ಳಿಯೊಂದರ ಇಂತಹುದೇ ಸಭೆಯಲ್ಲಿ ಗಣ್ಯರ ಮಾತುಗಳೆಲ್ಲ ಮುಗಿದ ಮೇಲೆ ಶಾಲೆಗೆ ಹೋಗುವ ಮೊಮ್ಮಗಳೊಬ್ಬಳು ಧ್ವನಿವರ್ಧಕದ ಮುಂದೆ ಬಂದು ನಿಂತಳು. "ನಮ್ಮಜ್ಜಿ ಮೊದಲನೇ ರೊಟ್ಟಿ ನಮಗ ಕೊಡತಿರಲಿಲ್ಲ. ಹೊಲದಾಗಿನ ಆಳಿಗಂತ ಬುಟ್ಟಿಯೊಳಗ ಮುಚ್ಚಿಡತಿದ್ದಳು" ಎಂದಿಷ್ಟೇ ಹೇಳಿ ಕೆಳಗಿಳಿದಳು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಮುದುಕನೊಬ್ಬ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡನು.