ಮಗುವಿಗಾಗಿ ಸಹಿಸಿಕೊಳ್ಳಬೇಕೇ?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕನ್ನಡಿಗರ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಸರಿಸಮಾನರಾದ ಇಬ್ಬರ ನಡುವಣ ಮಾತಿನ ಚಕಮಕಿಗೆ ಈ ಗಾದೆ ಸಲ್ಲಬಹುದು. ಆದರೆ ಒಬ್ಬರು ಸದಾ ಹೊಡೆಯುವವರು, ಇನ್ನೊಬ್ಬರು ಸದಾ ಹೊಡೆಸಿಕೊಳ್ಳುವವರು ಎಂದಾದಾಗ ಅದು ಜಗಳವಲ್ಲ, ದೌರ್ಜನ್ಯ. ಉಂಡು ಮಲಗಿದ ಮಾತ್ರಕ್ಕೆ ಅದು ಮುಗಿಯುವಂಥದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಪತಿಯಿಂದ ಒಮ್ಮೆಯಾದರೂ ಹಿಂಸೆಯನ್ನು ಅನುಭವಿಸಿದವರು. ಇಡೀ ದೇಶದ ಸರಾಸರಿ ಸುಮಾರು 29. ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳು ಇದಕ್ಕೆ ಹೊರತಾಗಿವೆಯೆಂದು ನಂಬಲು ಯಾವ ಕಾರಣವೂ ಇಲ್ಲ.

ಇಂತಹ ಮನೆಯಲ್ಲಿ ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ, ಸ್ವಲೀನತೆಯುಳ್ಳ ಅಥವಾ ಕಲಿಕೆಯ ತೊಂದರೆಯುಳ್ಳ ಮಗುವೊಂದಿದ್ದರೆ ತಾಯಿಯ ಪರಿಸ್ಥಿತಿ ಇನ್ನೂ ಜಟಿಲವಾಗುತ್ತದೆ. ‘ನೋಡಮ್ಮಾ, ಮಗುವಿನ ಮುಖ ನೋಡಿಯಾದರೂ ಸಹಿಸಿಕೋ’ ಎಂದು ಬಂಧುಗಳೂ ನೆರೆಯವರೂ ಹಿತವಚನ ಹೇಳುತ್ತಾರೆ. ಅವರು ಕೊಡುವ ಕಾರಣಗಳು ಪೊಳ್ಳಲ್ಲ. ವಿಶೇಷ ಶಾಲೆಯ ಶುಲ್ಕವನ್ನು ಯಾರು ಕಟ್ಟಬೇಕು? ವಾಕ್ ಚಿಕಿತ್ಸೆಗೆ ಹಣವೆಲ್ಲಿಂದ ಬರಬೇಕು? ತಾಯಿ ದುಡಿಯಲು ಹೊರಟರೆ ಮಗುವನ್ನು ನೋಡಿಕೊಳ್ಳುವವರಾರು? ತವರಿಗೆ ಹೋಗೋಣವೆಂದರೆ ಅದು ನೂರಾರು ಮೈಲಿ ದೂರದ ಹಳ್ಳಿ. ಅಲ್ಲಿ ವಿಶೇಷ ಶಿಕ್ಷಕರೂ ಇಲ್ಲ, ಚಿಕಿತ್ಸಕರೂ ಇಲ್ಲ. ಈ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಎಷ್ಟೋ ತಾಯಂದಿರು ಹೊಸಿಲು ದಾಟದೆ ಉಳಿಯುತ್ತಾರೆ.

ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ದೋಷವಿದೆ. ಖಾತೆ ಪುಸ್ತಕದ ಒಂದು ಬದಿಯನ್ನು ಮಾತ್ರ ಬರೆದು ತಾಳೆ ನೋಡಿದಂತಾಗಿದೆ ಇದು. ಮನೆ ಬಿಡುವುದರಿಂದಾಗುವ ನಷ್ಟವನ್ನು ಎಲ್ಲರೂ ಎಣಿಸುತ್ತಾರೆ. ಉಳಿಯುವುದರಿಂದಾಗುವ ನಷ್ಟವನ್ನು ಯಾರೂ ಬರೆದುಕೊಳ್ಳುವುದಿಲ್ಲ. ತಾಯಿಗೆ ಬೀಳುವ ಏಟನ್ನು ಕಣ್ಣಾರೆ ಕಾಣುತ್ತಾ ಬೆಳೆಯುವ ಮಕ್ಕಳಲ್ಲಿ ನಿದ್ರಾಭಂಗ, ಅಕಾರಣ ಭಯ, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಕಲಿಕೆಯಲ್ಲಿ ಹಿಂಜರಿತ ಮೊದಲಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ ಎಂಬುದು ಮಕ್ಕಳ ವೈದ್ಯರಿಗೂ ಮನೋವೈದ್ಯರಿಗೂ ತಿಳಿದ ಸಂಗತಿ. ವಿಶೇಷ ಅಗತ್ಯವುಳ್ಳ ಮಗುವಿಗಾದರೋ ಕ್ರಮಬದ್ಧವಾದ ದಿನಚರಿಯೂ ಶಾಂತವಾದ ವಾತಾವರಣವೂ ಔಷಧದಷ್ಟೇ ಅವಶ್ಯ. ಕಂಡದ್ದನ್ನು ಬಾಯಿಬಿಟ್ಟು ಹೇಳಲಾರದ ಮಗು ಅಳುತ್ತದೆ, ಕಿರುಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ನೋಡುವವರು ಅದನ್ನು ಮಗುವಿನ ನ್ಯೂನತೆಯ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಮನೆಯ ಹಿಂಸೆಯ ಲೆಕ್ಕಕ್ಕೆ ಬರೆಯುವುದಿಲ್ಲ. ಇತರ ಮಕ್ಕಳಿಗಿಂತ ಇಂತಹ ಮಕ್ಕಳೇ ಸ್ವತಃ ಪೆಟ್ಟಿಗೆ ಗುರಿಯಾಗುವ ಸಂಭವ ಹೆಚ್ಚೆಂಬುದನ್ನೂ ಮರೆಯಲಾಗದು. ಮೇಲಾಗಿ ಮಗುವಿನ ಆರೈಕೆಯ ಭಾರವೆಲ್ಲ ತಾಯಿಯ ಹೆಗಲ ಮೇಲಿರುವಾಗ ಅವಳ ಮೈಮನಗಳು ಮುರಿದರೆ ಮಗುವಿನ ಆಸರೆಯೇ ಮುರಿದಂತೆ.

ಹಲವು ಮನೆಗಳಲ್ಲಿ ಹಿಂಸೆ ಆರಂಭವಾಗುವುದೇ ‘ನಿನ್ನಿಂದಲೇ ಇಂಥ ಮಗು ಹುಟ್ಟಿತು’ ಎಂಬ ಆರೋಪದಿಂದ. ತಾಯಿಯ ನಡತೆಯಾಗಲಿ ಲಾಲನೆಯ ಲೋಪವಾಗಲಿ ಸ್ವಲೀನತೆಗೆ ಕಾರಣವಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಹಿಂದೊಮ್ಮೆ ಪ್ರಚಲಿತವಾಗಿದ್ದ ಅಂತಹ ವಾದವನ್ನು ವೈದ್ಯವಿಜ್ಞಾನವು ಬಹಳ ಹಿಂದೆಯೇ ತಳ್ಳಿಹಾಕಿದೆ. ಇಲ್ಲದ ಅಪರಾಧಕ್ಕೆ ಪ್ರಾಯಶ್ಚಿತ್ತವೆಂಬಂತೆ ಏಟು ತಿನ್ನುವ ಅಗತ್ಯ ಯಾವ ತಾಯಿಗೂ ಇಲ್ಲ.

ಹಾಗಾದರೆ ಮನೆ ಬಿಟ್ಟು ಬೀದಿಗೆ ಬೀಳಬೇಕೆ? ಇಲ್ಲಿಯೇ ಬಹು ಜನರಿಗೆ ತಿಳಿಯದ ಒಂದು ಅಂಶವಿದೆ. ಹಿಂಸೆಯಿಂದ ಬಿಡುಗಡೆ ಹೊಂದುವುದೆಂದರೆ ವಿಚ್ಛೇದನವೇ ಆಗಬೇಕಾಗಿಲ್ಲ. ಮನೆ ಬಿಡಬೇಕಾದವರು ತಾಯಿ ಮಕ್ಕಳೇ ಆಗಬೇಕೆಂಬುದೂ ಇಲ್ಲ. 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ದೈಹಿಕ ಹಿಂಸೆಯನ್ನಲ್ಲದೆ ಬೈಗುಳ, ಅವಮಾನ, ಲೈಂಗಿಕ ಹಿಂಸೆ, ಮನೆಯ ಖರ್ಚಿಗೆ ಹಣ ಕೊಡದಿರುವಿಕೆ ಇವೆಲ್ಲವನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಈ ಕಾಯಿದೆಯಡಿ ಮ್ಯಾಜಿಸ್ಟ್ರೇಟರು ಪತಿಯೇ ಮನೆಯಿಂದ ಹೊರಗಿರತಕ್ಕದ್ದೆಂದು ಆಜ್ಞೆ ಮಾಡಬಹುದು. ಮಗುವಿನ ತಾತ್ಕಾಲಿಕ ವಶವನ್ನು ತಾಯಿಗೆ ಒಪ್ಪಿಸಬಹುದು. ಖರ್ಚಿಗೆ ಹಣ ಕೊಡಿಸಬಹುದು. ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದೆ ಎಂಬ ಒಂದೇ ಕಾರಣದಿಂದ ಸೊಸೆಯ ವಾಸದ ಹಕ್ಕು ಇಲ್ಲವಾಗದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿದೆ. ಪರಿಚಿತವಾದ ಕೋಣೆ, ಪರಿಚಿತವಾದ ದಾರಿ, ಪರಿಚಿತವಾದ ಶಾಲೆ ತಪ್ಪಿದರೆ ಕಂಗೆಡುವ ಮಗುವಿನ ದೃಷ್ಟಿಯಿಂದ ಈ ಅವಕಾಶ ಬೆಲೆಯುಳ್ಳದ್ದು. ಆ ಮನೆಯಲ್ಲಿ ಇರುವುದೇ ಅಪಾಯವೆನಿಸಿದರೆ ತಾಯಿ ಬೇರೆ ಊರಿನಲ್ಲಿ ಆಶ್ರಯ ಪಡೆದು ಆ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು.

ಊರು ಬಿಡಲೇಬೇಕಾದಾಗ ಮಗುವಿನ ಶಿಕ್ಷಣದ ಗತಿಯೇನು? 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಗವಾಗುವ ಮಗುವಿಗೆ ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ಒಡನೆ ವರ್ಗಾವಣೆ ಪತ್ರ ಕೊಡತಕ್ಕದ್ದು. ಪತ್ರ ಬರಲು ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶವನ್ನು ನಿರಾಕರಿಸುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆಗಳನ್ನೊಳಗೊಂಡು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನಿಚ್ಛಿಸುವ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಸಿಕಂದರಾಬಾದಿನಲ್ಲಿರುವ ಬೌದ್ಧಿಕ ವಿಕಲಚೇತನರ ರಾಷ್ಟ್ರೀಯ ಸಂಸ್ಥೆ ಇವು ಮಾರ್ಗದರ್ಶನ ದೊರೆಯುವ ಸ್ಥಳಗಳು. ಆದುದರಿಂದ ತವರಿನ ದಾರಿಯನ್ನು ಆರಿಸುವಾಗ ತವರುಮನೆಯನ್ನಷ್ಟೇ ಅಲ್ಲ, ಅದಕ್ಕೆ ಹತ್ತಿರದಲ್ಲಿ ಮಗುವಿಗೆ ಬೇಕಾದ ಸೌಲಭ್ಯವೆಲ್ಲಿದೆ ಎಂಬುದನ್ನೂ ವಿಚಾರಿಸುವುದು ಜಾಣತನ.

ಇನ್ನು ಹಣದ ಮಾತು. ಜೀವನಾಂಶವನ್ನು ನಿಗದಿಪಡಿಸುವಾಗ ಗಂಡಹೆಂಡಿರಿಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಮಗುವಿನ ತೀವ್ರ ವೈಕಲ್ಯದಿಂದ ಬರುವ ನಿರಂತರ ವೆಚ್ಚವನ್ನು ಗಣನೆಗೆ ತೆಗೆದುಕೊಳ್ಳಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್‌ನಲ್ಲಿ ‘ರಜನೀಶ್ ವಿರುದ್ಧ ನೇಹಾ’ ಮೊಕದ್ದಮೆಯಲ್ಲಿ ನಿರ್ದೇಶಿಸಿದೆ. ಆದುದರಿಂದ ಶಾಲಾ ಶುಲ್ಕ, ಚಿಕಿತ್ಸೆ, ಔಷಧ, ಪ್ರಯಾಣ ಇವುಗಳ ರಸೀದಿಗಳನ್ನು ತಿಂಗಳುವಾರು ಜೋಡಿಸಿಟ್ಟುಕೊಂಡ ತಾಯಿಯ ಮಾತಿಗೆ ನ್ಯಾಯಾಲಯದಲ್ಲಿ ತೂಕವಿರುತ್ತದೆ. ಮಗು 18 ತುಂಬಿದೊಡನೆ ತಂದೆಯ ಹೊಣೆ ಮುಗಿಯಿತೆಂಬ ಭಾವನೆಯೂ ತಪ್ಪು. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತನ್ನನ್ನು ತಾನೇ ಪೋಷಿಸಿಕೊಳ್ಳಲಾರದ ವಯಸ್ಕ ಸಂತಾನಕ್ಕೂ ಜೀವನಾಂಶ ಸಲ್ಲತಕ್ಕದ್ದೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮೂ ಅದನ್ನೇ ಹೇಳುತ್ತದೆ.

ಬ್ಯಾಂಕಿನ ವ್ಯವಹಾರದಲ್ಲಿಯೂ ಕೆಲವು ಎಚ್ಚರಿಕೆಗಳು ಅವಶ್ಯ. ‘ಇಬ್ಬರಲ್ಲಿ ಯಾರಾದರೂ’ ಎಂಬ ನಿಬಂಧನೆಯ ಜಂಟಿ ಖಾತೆಯಿಂದ ಒಬ್ಬರೇ ಪೂರ್ಣ ಹಣವನ್ನು ತೆಗೆಯಬಹುದು. ಆದುದರಿಂದ ತಾಯಿಗೆ ತನ್ನ ಹೆಸರಿನದೇ ಆದ ಖಾತೆ ಇರಬೇಕು. ಅದಕ್ಕೆ ಕೊಡುವ ದೂರವಾಣಿ ಸಂಖ್ಯೆಯೂ ವಿಳಾಸವೂ ಅವಳ ಹಿಡಿತದಲ್ಲಿರಬೇಕು. ಮದುವೆಯಲ್ಲಿ ಬಂದ ಒಡವೆ ವಸ್ತುಗಳು ಸ್ತ್ರೀಧನ. ಅದು ಅವಳ ಸ್ವಂತ ಸ್ವತ್ತೆಂದು 1985ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಮಗುವಿನ ಹೆಸರಿನ ವ್ಯವಹಾರಕ್ಕೆ ತಂದೆಯ ಸಹಿಯೇ ಬೇಕೆಂಬ ಹಳೆಯ ರೂಢಿಯನ್ನು ಲೇಖಕಿ ಗೀತಾ ಹರಿಹರನ್ ಪ್ರಶ್ನಿಸಿದರು. ಮಗನಿಗಾಗಿ ಅವರು ಸಲ್ಲಿಸಿದ ಬಾಂಡುಗಳ ಅರ್ಜಿಗೆ ರಿಸರ್ವ್ ಬ್ಯಾಂಕು ತಂದೆಯ ಸಹಿ ಕೇಳಿತ್ತು. ತಂದೆಯು ಮಗುವಿನ ಪಾಲನೆಯಿಂದ ದೂರವಿರುವಾಗ ಅವನು ಜೀವಿಸಿದ್ದರೂ ತಾಯಿ ಸಹಜ ಪಾಲಕಳಾಗಬಹುದೆಂದು 1999ರಲ್ಲಿ ತೀರ್ಪು ಬಂದಿತು. ತಂದೆತಾಯಿಗಳು ಬೇರೆಯಾದರೂ ತಂದೆಯ ಉತ್ತರಾಧಿಕಾರಿಯಾಗುವ ಮಗುವಿನ ಹಕ್ಕು ಅಳಿಯುವುದಿಲ್ಲ.

ಹೊರಡುವ ಗಳಿಗೆಯೇ ಬಹುಶಃ ಅತ್ಯಂತ ಅಪಾಯದ ಗಳಿಗೆ. ಕೈ ಜಾರಿತೆಂಬ ಸಿಟ್ಟು ಆಗ ಕೆರಳುತ್ತದೆ. ಹೀಗಾಗಿ ಯೋಚನೆಯನ್ನು ಗುಟ್ಟಾಗಿಡಬೇಕು. ‘ಬಿಟ್ಟು ಹೋಗುತ್ತೇನೆ’ ಎಂದು ಹೆದರಿಸಿ ಆಮೇಲೆ ಹೊರಡುವುದು ಸಲ್ಲದು. ಮಗುವಿನ ಜನನ ಪತ್ರ, ವೈಕಲ್ಯದ ಪ್ರಮಾಣಪತ್ರ, ವೈದ್ಯರ ವರದಿಗಳು, ಶಾಲೆಯ ಪ್ರಗತಿಪತ್ರ, ಆಧಾರ್ ಇವುಗಳ ಪ್ರತಿಗಳನ್ನು ನಂಬಿಕಸ್ಥರೊಬ್ಬರಲ್ಲಿ ಇಡಬೇಕು. ಮಗು ನಿತ್ಯ ಸೇವಿಸುವ ಔಷಧ, ಅದು ಅಪ್ಪಿಕೊಂಡು ಮಲಗುವ ಹೊದಿಕೆ ಅಥವಾ ಗೊಂಬೆ ಇವೂ ಕಾಗದಪತ್ರಗಳಷ್ಟೇ ಮುಖ್ಯ. ಆದರೆ ಪ್ರಾಣಕ್ಕೇ ಅಪಾಯವಿದ್ದಾಗ ಯಾವ ಕಾಗದಕ್ಕೂ ಕಾಯಬಾರದು. ಕಾಗದ ಮತ್ತೆ ದೊರೆಯುತ್ತದೆ. 112 ಮತ್ತು 181 ಈ ದೂರವಾಣಿ ಸಂಖ್ಯೆಗಳು ಅಂತಹ ಹೊತ್ತಿಗಾಗಿಯೇ ಇವೆ. 2015ರಿಂದ ಸ್ಥಾಪನೆಯಾಗುತ್ತ ಬಂದ ‘ಸಖಿ’ ಕೇಂದ್ರಗಳಲ್ಲಿ ತಾತ್ಕಾಲಿಕ ಆಶ್ರಯವುಂಟು. ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1984ರಲ್ಲಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿಯೇ ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಘಟಕವೊಂದನ್ನು ತೆರೆಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಸ್ತ್ರೀಯರಿಗೆ ಉಚಿತ ಕಾನೂನು ನೆರವು ಲಭ್ಯ.

ಪ್ರತಿಯೊಂದು ವಿರಸವೂ ಬೇರ್ಪಡೆಯಲ್ಲಿ ಕೊನೆಗಾಣಬೇಕೆಂದು ಇದರ ಅರ್ಥವಲ್ಲ. ವಿಶೇಷ ಮಗುವಿನ ಆರೈಕೆ ತಂದೆಯನ್ನೂ ದಣಿಸುತ್ತದೆ, ಅವನಿಗೂ ದುಃಖವುಂಟು. ದಣಿವಿನಿಂದ ಬಂದ ಸಿಡುಕಿಗೆ ಆಪ್ತಸಲಹೆಯೂ ವಿಶ್ರಾಂತಿಯೂ ಪರಿಹಾರವಾದೀತು. ಆದರೆ ಕೀಲಿಯ ಸದ್ದು ಕೇಳಿದೊಡನೆ ತಾಯಿಮಕ್ಕಳು ಮೂಲೆ ಸೇರುವ ಮನೆಯಲ್ಲಿ ರಾಜಿ ಪಂಚಾಯಿತಿಗೆ ಅರ್ಥವಿಲ್ಲ. ಭಯಪಡುವವಳು ಭಯಪಡಿಸುವವನ ಎದುರಿನಲ್ಲಿ ಕುಳಿತು ನಿಜ ಹೇಳಲಾರಳು.

ಹೊರನಾಡಿನಲ್ಲಿ ತವರು ದೂರ. ಹತ್ತಿರವಿರುವುದು ಕನ್ನಡ ಸಂಘ. ರಾಜ್ಯೋತ್ಸವ, ನಾಟಕ, ಸಹಭೋಜನಗಳ ಜೊತೆಗೆ ಸಂಘಗಳು ಕೈಗೊಳ್ಳಬಹುದಾದ ಸಣ್ಣ ಕಾರ್ಯಗಳು ಹಲವಿವೆ. ಊರಿನ ವಿಶೇಷ ಶಾಲೆಗಳ, ಚಿಕಿತ್ಸಕರ, ಕನ್ನಡ ಬಲ್ಲ ವಕೀಲರ ಪಟ್ಟಿಯೊಂದನ್ನು ಸಿದ್ಧಪಡಿಸುವುದು, ನ್ಯಾಯಾಲಯದ ದಿನ ತಾಯಿಯ ಜೊತೆಗೆ ಒಬ್ಬರು ಹೋಗುವುದು, ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಮುಂದೆ ಬರುವುದು, ಎರಡು ತಿಂಗಳ ಶಾಲಾ ಶುಲ್ಕಕ್ಕೆ ಸಾಲುವಷ್ಟು ನಿಧಿಯನ್ನು ಕಾದಿರಿಸುವುದು, ಇವಾವುವೂ ಸಂಘದ ಶಕ್ತಿಗೆ ಮೀರಿದವಲ್ಲ. ಎಲ್ಲಕ್ಕಿಂತ ಮೊದಲು, ಧೈರ್ಯಮಾಡಿ ಬಾಯಿಬಿಟ್ಟ ತಾಯಿಗೆ ‘ಸಹಿಸಿಕೋ’ ಎಂಬ ಉತ್ತರ ಕೊಡದಿರಬೇಕು. ‘ಈ ರಾತ್ರಿ ಮಗುವನ್ನು ಕರೆದುಕೊಂಡು ಎಲ್ಲಿರುತ್ತೀಯಮ್ಮಾ?’ ಎಂಬ ಪ್ರಶ್ನೆಯೇ ಅವಳಿಗೆ ಆಗ ಬೇಕಾದ ನೆರವಿನ ಆರಂಭ.